ಡ್ರೈವರ್ ಇಲ್ಲದೆ ಹಳೇ ಮೌಸ್ ಓದುವುದು ಹೇಗೆ?

ಮೂಡಿಗೆರೆ ಹತ್ತಿರದ ನೆಂಟರ ತೋಟದ ಮನೆಯಲ್ಲಿ ಅಟ್ಟ ಗುಡಿಸುವಾಗ 486 ಎಂಬ ಹಳೇ ಮಾದರಿಯ ಒಂದು ಕಂಪ್ಯೂಟರ್ ಸಿಕ್ಕಿತು. ಕಾಫಿ ಕುಯ್ಲಿನ ಲೆಕ್ಕ ಇಡಲು ತಂದಿದ್ದಂತೆ. ಜೊತೆಗೆ ಒಂದು ಸೀರಿಯಲ್ ಮೌಸ್, ಅಂದರೆ ಹಿಂಬದಿಯ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟಿಗೆ ಸಿಕ್ಕಿಸುವಂಥದ್ದು. ಮಲೆನಾಡಿನ ಥಂಡಿಗೆ ಹಿಂಬದಿಯ ಒಂಬತ್ತು ಪಿನ್ನಿಗೂ ಕಿಲುಬು ಹತ್ತಿತ್ತು. ಮೊದಲು ಅದನ್ನು ಒರೆಸಿ, ಮೌಸ್‌ನ ಗುಂಡು ತೆಗೆದು, ಒಳಗಿನ ಉರುಳೆಗೆ ಸುತ್ತಿಕೊಂಡ ಕೊಳೆ ಕೆರೆದೆ.

ಡ್ರೈವರ್, ಅಂದರೆ ಮೌಸ್ ನಡೆಸುವ ಸಿದ್ಧ ಪ್ರೋಗ್ರಾಮ್, ಹಾಕಿದರೆ ಮೌಸ್ ಓಡುತ್ತದೆ, ನಿಜ. ಆದರೆ ಪೋರ್ಟನ್ನು ನಾವೇ ಓದಿದರೆ ಕೈ ಅಲ್ಲಾಡಿದ್ದು ಅಂಕಿಯಾಗಿ ಬರುವುದು ಕಣ್ಣೆದುರೇ ಕಾಣುತ್ತದೆ. ಕಂಪ್ಯೂಟರ್ ಕಲಿಯುವ ಮಕ್ಕಳಿಗೆ ಇದನ್ನು ಒಮ್ಮೆಯಾದರೂ ಮಾಡಿಸಬೇಕು.

ಬೇಕಾದದ್ದು ಡಾಸ್ (ಹಳೇ ಆಪರೇಟಿಂಗ್ ಸಿಸ್ಟಮ್) ಮತ್ತು ಟರ್ಬೊ ಸಿ (ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವ ಸಾಧನ), ಅಷ್ಟೇ. ಡಾಸ್ ಶುರುವಾಗುವಾಗ ಓದುವ ಆಟೋಎಕ್ಸೆಕ್ ಫೈಲಿನಲ್ಲಿ ಮೌಸ್ ಡ್ರೈವರ್ ಇರುವ ಸಾಲಿನ ಮುಂದೆ 'ರೆಮ್' (REM) ಹಾಕಿ ಮತ್ತೆ ಸ್ಟಾರ್ಟ್ ಮಾಡಿ, ಆ ಸಾಲು ನಡೆಯುವುದಿಲ್ಲ. ಪೋರ್ಟಿಗೆ ಅಂಕಿ ಬರೆಯಲು ಟರ್ಬೊ ಸಿಯ ಔಟ್‌ಪೋರ್ಟ್‌ಬಿ (outportb), ಓದಲು ಇನ್‌ಪೋರ್ಟ್‌ಬಿ (inportb). ಇಲ್ಲಿನ ಅಂಕಿಗಳೆಲ್ಲ ನಾವು ದಿನಾ ಎಣಿಸುವ ಹತ್ತರ ಲೆಕ್ಕದವು.

ಮೊದಲು ವೇಗ. ಕಾಮ್ 1, ಅಂದರೆ ಮೊದಲ ಸೀರಿಯಲ್ ಪೋರ್ಟಿನ ವಿಳಾಸ 1016ರಿಂದ ಶುರು. ವೇಗ ಬದಲಿಸುತ್ತೇವೆ ಎಂದು ತಿಳಿಸಲು 1019ಕ್ಕೆ 128 ಬರೆಯಿರಿ, ಆಮೇಲೆ 1016ಕ್ಕೆ 96, 1017ಕ್ಕೆ 0. ಪೋರ್ಟಿನ ಗರಿಷ್ಠ ವೇಗ 115200ನ್ನು 96ರಿಂದ ಭಾಗಿಸಿದರೆ ಸೆಕೆಂಡಿಗೆ 1200 ಬಿಟ್ ಬರುತ್ತದೆ (ಬಿಟ್ ಅಂದರೆ 0 ಅಥವಾ 1; ಬಲದಿಂದ ಅವುಗಳ ಬೆಲೆ 1, 2, 4, 8 ಹೀಗೆ ಇಮ್ಮಡಿಯಾಗುತ್ತದೆ), ಮೌಸ್ ಮಾತಾಡುವ ವೇಗ ಅದೇ. ಈಗ 1019ಕ್ಕೆ 2 ಬರೆಯಿರಿ. ಇದು ಒಂದು ಸಲಕ್ಕೆ ಏಳು ಬಿಟ್, ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್) ಬೇಡ, ಕೊನೆಗೆ ಒಂದು ಸ್ಟಾಪ್ ಬಿಟ್ ಎಂದು ಹೇಳಿದ ಹಾಗೆ. ಇಂಟರಪ್ಟ್, ಅಂದರೆ ಪೋರ್ಟು ತಾನೇ ಕಂಪ್ಯೂಟರನ್ನು ಕರೆಯುವುದು, ಬೇಡವಾದ್ದರಿಂದ 1017ಕ್ಕೆ ಇನ್ನೊಮ್ಮೆ 0.

ನಂತರ ಕರೆಂಟು. ಈ ಮೌಸ್‌ಗೆ ಬೇರೆ ವೈರಿಲ್ಲ, ಪೋರ್ಟಿನ ಡಿಟಿಆರ್, ಆರ್‌ಟಿಎಸ್ ಎಂಬ ಎರಡು ಸೂಚನೆ ತಂತಿಗಳಿಂದಲೇ ಕರೆಂಟು ಎಳೆದುಕೊಳ್ಳುತ್ತದೆ. 1020ಕ್ಕೆ 0 ಬರೆದು, ಕಾಲು ಸೆಕೆಂಡು ಬಿಟ್ಟು 3 ಬರೆಯಿರಿ. ಎಚ್ಚರವಾದ ಮೌಸ್ 'ಎಮ್' ಅಕ್ಷರ ಕಳಿಸುತ್ತದೆ, ಅಂದರೆ 77. ನಾನು ಈ 0 ಬರೆಯುವುದನ್ನು ಬಿಟ್ಟು ಒಂದಿಡೀ ಸಂಜೆ ಸುಮ್ನೆ ಕಾದಿದ್ದೆ. 77 ಬರುವ ತನಕ ಮುಂದೆ ಹೋಗಬೇಡಿ.

ಇನ್ನು ಓದುವುದು. 1021ರಲ್ಲಿ ಬಲತುದಿಯ ಬಿಟ್ 1 ಆಗಿದ್ದರೆ 1016ರಿಂದ ಒಂದು ಬೈಟ್ (ಬಿಟ್‌ಗಳ ಗುಂಪು, ಒಂದು ಅಂಕಿ) ತೆಗೆದುಕೊಳ್ಳಿ. ಮೌಸ್ ಅಲ್ಲಾಡಿದಾಗ, ಬಟನ್ ಒತ್ತಿದಾಗ ಮೂರು ಮೂರು ಬೈಟ್ ಬರುತ್ತವೆ. ಮೊದಲನೆಯದರಲ್ಲಿ ಮಾತ್ರ 64ರ ಬಿಟ್ ಇರುತ್ತದೆ. ಅದು ಕಂಡರೆ ಎಣಿಕೆ ಅಲ್ಲಿಂದಲೇ ಶುರು ಮಾಡಿ. ಇಲ್ಲದಿದ್ದರೆ ಒಂದು ಬೈಟ್ ತಪ್ಪಿದರೂ ಬಾಣ ಎಲ್ಲೆಲ್ಲೋ ಹಾರುತ್ತದೆ.

ಒಂದು ಉದಾಹರಣೆ ನೋಡೋಣ. 67, 61, 0 ಬಂತು ಅಂದುಕೊಳ್ಳಿ. 67ರಲ್ಲಿ 64 ಗುರುತಿನ ಬಿಟ್, ಉಳಿದದ್ದು 3. ಮೂರನ್ನು 64ರಿಂದ ಗುಣಿಸಿ 61 ಕೂಡಿಸಿದರೆ 253. ಅದು 127ಕ್ಕಿಂತ ಜಾಸ್ತಿ, ಹಾಗಾಗಿ 256 ಕಳೆಯಿರಿ. ಉತ್ತರ ಮೈನಸ್ 3, ಅಂದರೆ ಮೌಸ್ ಎಡಕ್ಕೆ ಮೂರು ಹೆಜ್ಜೆ ಸರಿದಿದೆ. ಮೇಲೆ ಕೆಳಗಿನ ಲೆಕ್ಕಕ್ಕೆ ಮೊದಲ ಬೈಟಿನ 8 ಮತ್ತು 4ರ ಬಿಟ್‌ಗಳನ್ನು 16ರಿಂದ ಗುಣಿಸಿ ಮೂರನೇ ಬೈಟ್ ಕೂಡಿಸಿ, 127 ದಾಟಿದರೆ ಇಲ್ಲೂ 256 ಕಳೆಯಿರಿ. ಪ್ಲಸ್ ಬಂದರೆ ಕೆಳಕ್ಕೆ. ಎಡ ಬಟನ್ ಒತ್ತಿದ್ದರೆ 32 ಸೇರಿ 67ರ ಜಾಗದಲ್ಲಿ 99 ಬರುತ್ತಿತ್ತು. ಬಲ ಬಟನ್‌ಗೆ 16.

ಮೌಸ್ ಕಾಮ್ 2ಕ್ಕೆ ಸಿಕ್ಕಿಸಿದ್ದರೆ ವಿಳಾಸ 760ರಿಂದ ಶುರು. 1019 ಇದ್ದಲ್ಲಿ 763 ಹಾಕಿ, ಉಳಿದವೂ ಹಾಗೇ.