ಬ್ಯಾಡಗಿ ಘಾಟು, ನನ್ನ ಅರೆತಲೆನೋವಿನ ವಹಿ

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಅರೆತಲೆನೋವು, ಅಂದರೆ ಮೈಗ್ರೇನ್, ಬೆನ್ನು ಹತ್ತಿ ಒಂಬತ್ತು ವರ್ಷ. ಎಡಗಣ್ಣಿನ ಮೇಲಿನ ಮಿಡಿತ, ವಾಂತಿ, ಬೆಳಕು ಕಂಡರಾಗದ್ದು, ಇದೆಲ್ಲ ಉಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ಕಳೆದ ದುಡ್ಡು ಹೇಳುತ್ತೇನೆ. ಕನ್ನಡಕ ಬದಲಿಸಿದ್ದಕ್ಕೆ ಎರಡೂವರೆ ಸಾವಿರ. ಸೈನಸ್ ಅಂದರು, ನಾಲ್ಕು ಸಾವಿರದ ಹತ್ತಿರ ಔಷಧಿ. ಹುಬ್ಬಳ್ಳಿಯಲ್ಲಿ ಸ್ಕ್ಯಾನ್, ಏಳು ಸಾವಿರ ಚಿಲ್ಲರೆ. ಎಲ್ಲಾ ಸರಿ ಇದೆ ಅಂತ ರಿಪೋರ್ಟು. ಮೈಗ್ರೇನ್ ಸ್ಕ್ಯಾನಿಗೆ ಸಿಗುವುದಲ್ಲ, ಬೇರೆ ರೋಗ ಇಲ್ಲ ಅನ್ನುವ ಖಾತ್ರಿ ಸಿಗುತ್ತದೆ ಅಷ್ಟೆ. ನೋವಿನ ಕಥೆ ಕೇಳಿಯೇ ಹಿಡಿಯಬೇಕು. ಕೇಳಿದ್ದು ಮೂರನೇ ಡಾಕ್ಟರು. ನೋವು 4 ತಾಸಿನಿಂದ 72 ತಾಸಿನೊಳಗೆ ಇಳಿಯುತ್ತದೋ, ಮೆಟ್ಟಿಲು ಹತ್ತಿದರೆ ಏರುತ್ತದೋ, ಸಪ್ಪಳ ತಡೆದುಕೊಳ್ಳಲು ಆಗುತ್ತದೋ, ಎಲ್ಲ ಕೇಳಿ ಕೊನೆಗೆ, "ತಿಂಗಳಿಗೆ ಎಷ್ಟು ದಿನಾ ಗುಳಿಗಿ ನುಂಗ್ತೀರಿ?" ಅಂದರು. ಉತ್ತರ ನನ್ನ ಹತ್ತಿರ ಇರಲಿಲ್ಲ. "ಬರದು ತರ್ರಿ."

ಅಂಗಡಿಯ ಹಳೇ ವಹಿಯೊಂದರಲ್ಲಿ ಕಾಲಂ ಹಾಕಿದೆ: ಎದ್ದದ್ದು, ಉಂಡದ್ದು, ಚಹಾ, ಘಾಟು, ಗುಳಿಗೆ, ನೋವು. "ಲೆಕ್ಕಾ ಬರದ್ರ ತಲಿನೋವು ಹೋಗತೈತೇನೋ ತಮ್ಮಾ?" ಅಂದರು ಸಾಹುಕಾರರು. ಊರಿಗೆಲ್ಲ ಘಾಟಿನ ಮೇಲೇ ಅನುಮಾನ. ನಾಲ್ಕು ತಿಂಗಳ ವಹಿ ಬೇರೆಯೇ ಹೇಳಿತು. ಸೋಮವಾರ, ಗುರುವಾರ ಪೇಟೆಯ ಗದ್ದಲದಲ್ಲಿ ಊಟ ನಾಲ್ಕಕ್ಕೆ ಜಾರಿದಾಗಲೇ ಸಂಜೆ ನೋವು. ಒಂದಕ್ಕೆ ರೊಟ್ಟಿ ತಿಂದ ದಿನ ಅದೇ ಘಾಟಿನಲ್ಲಿ ಕೂತರೂ ಹೆಚ್ಚಿನ ಸಲ ಏನೂ ಆಗಿಲ್ಲ. ಹಸಿವು, ಘಾಟು ಎರಡೂ ಕೂಡಿದರೆ ಮಾತ್ರ ಬಿಡುವುದಿಲ್ಲ.

ನೋವಿನ ಗುಳಿಗೆ ಮೊದಲ ತಿಂಗಳೇ ಹದಿನೆಂಟು ದಿನ! ತಿಂಗಳಿಗೆ 10 ದಿನ (ಕೆಲವು ಗುಳಿಗೆಗೆ 15 ದಿನ) ಇಲ್ಲವೇ ಅದಕ್ಕೂ ಹೆಚ್ಚು, ಮೂರು ತಿಂಗಳಿಗೂ ಮಿಕ್ಕಿ ನುಂಗಿದರೆ ಆ ಗುಳಿಗೆಯೇ ನೋವು ತರುತ್ತದಂತೆ. ಡಾಕ್ಟರು ಹೇಳಿದಂತೆ ಬಿಟ್ಟೆ. ಮೊದಲ ಎರಡು ವಾರ ಕತ್ತಲೆ ಕೋಣೆಯಲ್ಲಿ ಹಣೆಗೆ ಒದ್ದೆ ಟವೆಲ್ ಕಟ್ಟಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದೇ ಹೆಚ್ಚು. ನೋವು ಬಾರದಂತೆ ತಡೆಯಲು ಅವರು ಕೊಟ್ಟ ಮಾತ್ರೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಅಸ್ತಮಾ ಇದ್ದವರಿಗೆ ಅದು ಆಗಿಬರದು.

ನಡುವೆ ಚಹಾ ಒಮ್ಮೆಲೇ ಬಿಟ್ಟು ನೋಡಿದೆ. ಮರುದಿನವೇ ತಲೆ ಸಿಡಿಯಿತು. ಈಗ ದಿನಕ್ಕೆ ಎರಡೇ ಕಪ್ಪು, ಹೊತ್ತು ತಪ್ಪುವುದಿಲ್ಲ. ಧಾರವಾಡ ಪೇಡೆಯ ಮೇಲೂ ಅನುಮಾನವಿತ್ತು. ಆದರೆ ವಹಿಯಲ್ಲಿ ಆಕಳಿಕೆ ಮೊದಲು, ಸಿಹಿಯ ಆಸೆ ಆಮೇಲೆ, ಪೇಡೆ ಅದರ ನಂತರ. ಅಂದರೆ ನೋವು ಒಳಗೊಳಗೇ ಶುರುವಾದ ಮೇಲೆ ಹುಟ್ಟಿದ ಆಸೆ ಅದು, ಪೇಡೆಯ ತಪ್ಪೇನಿಲ್ಲ.

ತಿಂಗಳಿಗೆ ಹನ್ನೆರಡು ಸಲ ಬರುತ್ತಿದ್ದ ನೋವು ಈಗ ಎರಡೋ ಮೂರೋ ಸಲ. ಮೊನ್ನೆ ಸಾಹುಕಾರರೇ ಕರೆದು ಸೊಸೆಗೂ ಒಂದು ವಹಿ ಹಾಕಿಕೊಡು ಅಂದರು. ಹಾಕಿಕೊಟ್ಟಿದ್ದೇನೆ, ಅದರಲ್ಲಿ ಮುಟ್ಟಿನ ತಾರೀಖಿಗೆ ಒಂದು ಕಾಲಂ ಹೆಚ್ಚು.