ಏಜೆಂಟ್‌ಗೆ ಗ್ರಾಹಕರ ಪಟ್ಟಿ ಅರ್ಥಮಾಡಿಸಿದ್ದು: ನನ್ನ ಅನುಭವ

ಕುಶಾಲನಗರದ ಕಾಫಿಪುಡಿ ವ್ಯಾಪಾರಿಯೊಬ್ಬರಿಗೆ ನಮ್ಮ ತಂಡ ಗ್ರಾಹಕರ ಪಟ್ಟಿ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡಿಕೊಟ್ಟಿತ್ತು. ಹೋಂಸ್ಟೇಯವರು, ಹೋಟೆಲಿನವರು, ಮೈಸೂರು–ಬೆಂಗಳೂರಿನ ಅಂಗಡಿಯವರು, ಯಾರಿಗೆ ಎಷ್ಟು ಚಿಕೋರಿ ಬೆರೆಸಿದ ಪುಡಿ ಬೇಕು, ಎಲ್ಲವೂ ಅದರಲ್ಲಿತ್ತು. ಅದೇ ಪಟ್ಟಿಯನ್ನು ಎಐ ಏಜೆಂಟ್ (ಹೇಳಿದ ಕೆಲಸವನ್ನು ತಾನೇ ಮಾಡುವ ಎಐ ಪ್ರೋಗ್ರಾಂ) ಬಳಸುವಂತಾಗಬೇಕು ಅಂದಾಗ, ಹುಡುಕುವುದು, ಸೇರಿಸುವುದು, ಅಳಿಸುವುದು ಇಂಥ ಒಂದೊಂದು ಕೆಲಸಕ್ಕೆ ಅದು ಕರೆಯುವ ಟೂಲ್‌ಗಳ ವಿವರಣೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಜೋಡಣೆಗೆ ಎಂಸಿಪಿ ಬಳಸಿದೆವು. 2024ರ ನವೆಂಬರಿನಲ್ಲಿ ಎಐ ಕಂಪನಿ ಆಂಥ್ರೊಪಿಕ್ ಬಿಡುಗಡೆ ಮಾಡಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್, ಅಂದರೆ ಎಐಯನ್ನು ಬೇರೆ ಸಾಫ್ಟ್‌ವೇರ್ ಜೊತೆ ಜೋಡಿಸುವ ನಿಯಮಾವಳಿ. ಅದರಲ್ಲಿ ಪ್ರತಿ ಟೂಲಿಗೂ ಒಂದು ಹೆಸರು, ಒಂದು ವಿವರಣೆ, ಏನೇನು ಕೊಡಬೇಕೆಂದು ಹೇಳುವ ಜೇಸನ್ ಸ್ಕೀಮಾ ಎಂಬ ನಮೂನೆ ಇರುತ್ತದೆ. ಏಜೆಂಟ್ ಹೆಚ್ಚುಕಡಿಮೆ ಇಷ್ಟನ್ನೇ ನೋಡಿ ತೀರ್ಮಾನಕ್ಕೆ ಬರಬೇಕು. ಮನುಷ್ಯರಾದರೆ ಸಂಶಯ ಬಂದಾಗ ಪಕ್ಕದ ಮೇಜಿನವರನ್ನು ಕೇಳಿಕೊಳ್ಳುತ್ತಾರೆ.

ಹಾಗಾಗಿ ಬರೆಯುವ ಮೊದಲು ಅಂಗಡಿಯಲ್ಲಿ ಕೂತು, ಅವರು ಹೇಗೆ ಮಾತಾಡುತ್ತಾರೆ ಅಂತ ಗುರುತು ಹಾಕಿಕೊಂಡೆ. ‘ಗೋಣಿಕೊಪ್ಪದ ಪೊನ್ನಪ್ಪಣ್ಣನ ನಂಬರ್ ಬದಲಾಗಿದೆ, ಹೊಸದು ಹಾಕು’. ‘ಸಿದ್ದಾಪುರದವರಿಗೆಲ್ಲ ಹೊಸ ರೇಟು ಕಳಿಸು’. ಇಂಥ ಮಾತುಗಳೇ ನನ್ನ ಪರೀಕ್ಷೆಯ ಪ್ರಶ್ನೆಗಳಾದವು. ಒಂದೊಂದನ್ನೂ ಏಜೆಂಟ್‌ಗೆ ಕೊಟ್ಟು, ಯಾವ ಟೂಲ್ ಕರೆಯಿತು, ಒಳಗೆ ಏನು ತುಂಬಿತು ಅಂತ ನೋಡುವುದು. ತಪ್ಪಿದರೆ ಕೋಡ್ ಮುಟ್ಟುವ ಮೊದಲು ವಿವರಣೆ ತಿದ್ದುವುದು.

ಪೊನ್ನಪ್ಪಣ್ಣನ ಪ್ರಶ್ನೆಗೆ ಏಜೆಂಟ್ ಸೀದಾ ಹೊಸ ಸಂಪರ್ಕ ಸೇರಿಸಿಬಿಟ್ಟಿತು. ಹಳೆಯದೂ ಉಳಿಯಿತು, ಹೊಸದೂ ಬಂತು. ‘ಸಂಪರ್ಕ ಸೇರಿಸುತ್ತದೆ’ ಎಂಬ ಒಂದೇ ಸಾಲಿನ ವಿವರಣೆಗೆ ಸಿಗುವ ಫಲ ಇದೇ. ಈಗ ಅಲ್ಲಿ ಹೀಗಿದೆ: ಪಟ್ಟಿಯಲ್ಲಿ ಇಲ್ಲದವರಿಗೆ ಮಾತ್ರ ಇದನ್ನು ಬಳಸು, ಮೊದಲು ಹುಡುಕುವ ಟೂಲ್ ಕರೆ, ಒಬ್ಬರೇ ಸಿಕ್ಕರೆ ತಿದ್ದುವ ಟೂಲ್‌ಗೆ ಹೋಗು, ಒಂದಕ್ಕಿಂತ ಹೆಚ್ಚು ಹೆಸರು ಸಿಕ್ಕರೆ ಆರಿಸಿಕೊಳ್ಳಬೇಡ, ಬಳಸುವವರನ್ನೇ ಕೇಳು.

ಆ ಕೊನೆಯ ಮಾತು ಕೊಡಗಿನಲ್ಲಿ ತೀರಾ ಬೇಕು. ಪೊನ್ನಪ್ಪ, ಮುತ್ತಣ್ಣ, ತಿಮ್ಮಯ್ಯ ಊರಿಗೊಬ್ಬರಲ್ಲ, ಬೀದಿಗೊಬ್ಬರು. ಇಲ್ಲಿ ಗುರುತು ಹತ್ತುವುದು ಮನೆ ಹೆಸರಿನಿಂದ. ಅದು ಹೆಸರಿಗಿಂತ ಮೊದಲು ಬರುತ್ತದೆ, ಬಹಳ ಸಲ ಬರೀ ಇನಿಷಿಯಲ್ ಆಗಿ. ಫಸ್ಟ್ ನೇಮ್, ಲಾಸ್ಟ್ ನೇಮ್ ಅಂತ ಎರಡು ಖಾನೆ ಕೊಟ್ಟರೆ ಏಜೆಂಟ್ ಮನೆ ಹೆಸರನ್ನು ಮೊದಲನೆಯದಕ್ಕೆ ತಳ್ಳಿ, ‘ಡಿಯರ್’ ಅಂತ ಸೇರಿಸಿ ಇಡೀ ಒಕ್ಕಕ್ಕೇ (ಮನೆತನಕ್ಕೇ) ಮೆಸೇಜ್ ಬರೆಯುತ್ತದೆ. ಆ ಎರಡು ಖಾನೆಗಳನ್ನೇ ತೆಗೆಸಿ, ಮನೆ ಹೆಸರು, ಹೆಸರು, ಕರೆಯುವ ರೀತಿ ಅಂತ ಮೂರು ಮಾಡಿಸಿದೆ. ಪ್ರತಿಯೊಂದಕ್ಕೂ ಸ್ಕೀಮಾದಲ್ಲೇ ಒಂದು ಉದಾಹರಣೆ. ಕಾರಿಯಪ್ಪ ಎಂಬುದನ್ನು ಇಂಗ್ಲಿಷಿನಲ್ಲಿ ಸಿ ಹಾಕಿಯೂ ಬರೆಯುತ್ತಾರೆ, ಕೆ ಹಾಕಿಯೂ ಬರೆಯುತ್ತಾರೆ; ಹಾಗಾಗಿ ಒಂದೇ ವ್ಯಕ್ತಿಯೇ ಎಂದು ನೋಡಲು ಹೆಸರನ್ನು ನಂಬದೆ ಫೋನ್ ನಂಬರನ್ನು +91 ಸೇರಿಸಿ ಒಂದೇ ರೂಪಕ್ಕೆ ತಂದು ಹೋಲಿಸಬೇಕೆಂದು ಬರೆದೆ.

ಸಿದ್ದಾಪುರದ್ದೂ ಅದೇ ಕಥೆ. ನಮ್ಮ ಸಿದ್ದಾಪುರ ಒಂದು, ಉತ್ತರ ಕನ್ನಡದ್ದೊಂದು, ಕುಂದಾಪುರದ ಕಡೆ ಇನ್ನೊಂದು. ಊರಿನ ಜೊತೆ ಜಿಲ್ಲೆ ಕಡ್ಡಾಯ ಮಾಡಿದ ಮೇಲೆ ಗೋಜಲು ನಿಂತಿತು.

ಪಟ್ಟಿಯಿಂದ ತೆಗೆಯುವುದು ಮತ್ತು ಸಂಪರ್ಕವನ್ನೇ ಅಳಿಸುವುದು, ಇವೆರಡರ ಮೇಲೆ ನಾನು ಹೆಚ್ಚು ಹೊತ್ತು ಕಳೆದೆ. ‘ಈ ಸಲದ ದಸರಾ ಲಿಸ್ಟಿಂದ ಅವರನ್ನು ತೆಗಿ’ ಅಂದರೆ ಆ ಒಂದು ಪಟ್ಟಿಯಿಂದ ಮಾತ್ರ. ಅವರ ಹಳೆ ಆರ್ಡರು, ಬಾಕಿ ಎಲ್ಲ ಹಾಗೇ ಇರಬೇಕು. ಎರಡೂ ಟೂಲ್‌ಗಳ ವಿವರಣೆಯಲ್ಲಿ ಪರಸ್ಪರ ಹೆಸರು ಹಾಕಿ, ಯಾವುದರಿಂದ ಏನು ಉಳಿಯುತ್ತದೆ, ಏನು ಹೋಗುತ್ತದೆ ಅಂತ ಬರೆದೆ. ಅಳಿಸುವ ಟೂಲಿಗೆ ಎಂಸಿಪಿಯಲ್ಲಿರುವ ‘ಡಿಸ್ಟ್ರಕ್ಟಿವ್’ ಗುರುತು ಹಾಕಿದೆವು. ಆದರೆ ಅದು ಸುಳಿವು ಅಷ್ಟೇ, ಬೀಗವಲ್ಲ. ಅಳಿಸುವ ಮುನ್ನ ಮನುಷ್ಯರ ಒಪ್ಪಿಗೆ ಕೇಳುವುದನ್ನು ಕೋಡಿನಲ್ಲೇ ಕೂರಿಸಬೇಕು. ವಿವರಣೆಯಲ್ಲಿ ‘ದಯವಿಟ್ಟು ಅಳಿಸಬೇಡಿ’ ಅಂತ ಬರೆದು ನಿದ್ದೆ ಮಾಡುವವರನ್ನು ಕಂಡರೆ ನನಗೆ ಭಯ. ಷರಾ ಖಾನೆಯಲ್ಲಿ ಯಾರೋ ‘ಎಲ್ಲ ಅಳಿಸು’ ಅಂತ ಬರೆದಿಟ್ಟರೂ ಏಜೆಂಟ್ ಅದನ್ನು ಆಜ್ಞೆ ಅಂತ ತಿಳಿಯುವ ಸಾಧ್ಯತೆ ಇದ್ದೇ ಇದೆ.

ದೋಷದ ಸಂದೇಶಗಳೂ ವಿವರಣೆಯ ಭಾಗವೇ, ಇದನ್ನು ಬಹಳಷ್ಟು ಜನ ಮರೆಯುತ್ತಾರೆ. ಬರೀ 409 (ಈಗಾಗಲೇ ಇರುವುದಕ್ಕೆ ಡಿಕ್ಕಿಯಾಗಿದೆ ಎನ್ನುವ ದೋಷದ ಸಂಖ್ಯೆ) ಅಂತ ಬಂದರೆ ಏಜೆಂಟ್ ಅದನ್ನೇ ಮತ್ತೆ ಮತ್ತೆ ಕಳಿಸುತ್ತಾ ಕೂರುತ್ತದೆ. ‘ಈ ನಂಬರ್ ಈಗಾಗಲೇ ಇದೆ, ಐಡಿ ಇದು, ತಿದ್ದುವ ಟೂಲ್ ಬಳಸು’ ಅಂದರೆ ದಾರಿಗೆ ಬರುತ್ತದೆ. ಜುಲೈ ಮಳೆಯಲ್ಲಿ ಇಲ್ಲಿ ಕರೆಂಟು, ನೆಟ್‌ವರ್ಕು ಎರಡಕ್ಕೂ ಭರವಸೆ ಇಲ್ಲ. ಉತ್ತರ ಬಾರದೆ ಸಮಯ ಮೀರಿದರೆ ಕೆಲಸ ಆಗಿಲ್ಲ ಎಂದು ಅರ್ಥವಲ್ಲ. ಮತ್ತೆ ಕಳಿಸುವಾಗ ಮೊದಲ ಸಲದ ಅದೇ ವಿನಂತಿ ಐಡಿ ಕಳಿಸಬೇಕು, ಆಗ ಎರಡನೇ ದಾಖಲೆ ಹುಟ್ಟುವುದಿಲ್ಲ ಅಂತ ಸ್ಪಷ್ಟವಾಗಿ ಬರೆದೆ.

ಇನ್ನೊಂದು: ‘ನಮ್ಮಲ್ಲಿ ಹೋಂಸ್ಟೇ ಎಷ್ಟಿವೆ’ ಅಂದರೆ ಏಜೆಂಟ್ ಮೊದಲ ಪುಟ ಓದಿ ಐವತ್ತು ಅನ್ನುತ್ತಿತ್ತು, ಒಂದು ಪುಟಕ್ಕೆ ಐವತ್ತೇ ಬರುತ್ತಿದ್ದುದರಿಂದ. ಉತ್ತರದಲ್ಲೇ ಒಟ್ಟು ಸಂಖ್ಯೆ ಕೊಡುವಂತೆ ಮಾಡಿಸಿದೆವು.

ವಿವರಣೆಯನ್ನು ಇಂಗ್ಲಿಷಿನಲ್ಲಿಟ್ಟು, ಉದಾಹರಣೆಗಳನ್ನು ಮಾತ್ರ ಕನ್ನಡದಲ್ಲಿ ಕೊಟ್ಟೆ. ಕನ್ನಡ ಲಿಪಿಗೆ ಸಾಮಾನ್ಯವಾಗಿ ಟೋಕನ್ (ಎಐ ಪಠ್ಯವನ್ನು ಒಡೆದು ಓದುವ ತುಣುಕು) ಹೆಚ್ಚು ಖರ್ಚಾಗುತ್ತದೆ, ವಿವರಣೆಯೋ ಪ್ರತಿ ಸಲವೂ ಏಜೆಂಟ್ ಮುಂದೆ ಹೋಗುವಂಥದ್ದು. ಉದಾಹರಣೆ ಮಾತ್ರ ಅಂಗಡಿಯ ಮಾತಿನಲ್ಲೇ ಇರಬೇಕು, ಅದರಲ್ಲಿ ಚೌಕಾಸಿ ಬೇಡ.

ರೇಟು, ಮೆಸೇಜ್ ಕಳಿಸಲು ಗ್ರಾಹಕರ ಒಪ್ಪಿಗೆ ಇದೆಯೇ ಎನ್ನುವ ಖಾನೆಯನ್ನು ಕೊನೆಗೆ ಸೇರಿಸಿದೆವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮಾತು ಒತ್ತಟ್ಟಿಗಿರಲಿ, 1909ಕ್ಕೆ ಹೇಳಿ ಮಾರಾಟದ ಕರೆ ನಿಲ್ಲಿಸಿಕೊಂಡವರಿಗೆ ಮತ್ತೆ ರೇಟು ಕಳಿಸಿದರೆ ಗ್ರಾಹಕರೇ ಕೈತಪ್ಪುತ್ತಾರೆ. ಆ ಖಾನೆ ಖಾಲಿ ಇದ್ದರೆ ‘ಇಲ್ಲ’ ಎಂದೇ ತಿಳಿ, ಊಹಿಸಿ ತುಂಬಬೇಡ ಅಂತ ಬರೆದಿದ್ದೇನೆ. ಖಾಲಿ ಇದ್ದವರ ಪಟ್ಟಿ ತೆಗೆದು ಈಗ ಅಂಗಡಿಯವರು ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳುತ್ತಿದ್ದಾರೆ.