‘ದಿ ಟೀಚರ್’ ಕಾದಂಬರಿಯನ್ನು ನಾವು ಗುಂಪಾಗಿ ಓದಿದ್ದು

ಟೀಚರ್ ಬಗ್ಗೆ ಕಾದಂಬರಿ ಅಂದರೆ ನಮ್ಮವರ ತಲೆಯಲ್ಲಿ ಒಂದು ಕಥೆ ಮೊದಲೇ ಸಿದ್ಧವಾಗಿರುತ್ತದೆ. ಬಡ ಮೇಷ್ಟ್ರು, ದೊಡ್ಡ ಮನಸ್ಸು, ಕೊನೆಗೆ ಕಾರಿನಲ್ಲಿ ಬಂದು ಕಾಲಿಗೆ ಬೀಳುವ ಶಿಷ್ಯ. ಮಿಖಲ್ ಬೆನ್-ನಫ್ತಾಲಿ ಹೀಬ್ರೂನಲ್ಲಿ ಬರೆದ ಈ ಕಾದಂಬರಿಯಲ್ಲಿ ಅದ್ಯಾವುದೂ ಇಲ್ಲ. ಅದಕ್ಕೇ ಇದನ್ನು ನಮ್ಮ ಓದುಬಳಗಕ್ಕೆ ಹಿಡಿದುಕೊಂಡು ಹೋದೆ. ಬಳಗದಲ್ಲಿ ಜಾಸ್ತಿ ಜನ ಪಾಠ ಮಾಡುವವರೇ, ಒಂದಿಬ್ಬರು ರಿಟೈರ್ ಆದವರು. ನಾನೂ ಇಂಗ್ಲಿಷ್ ಪಾಠ ಮಾಡುವವಳು. ನಾವು ಓದಿದ್ದು ಡ್ಯಾನಿಯೆಲಾ ಜಮೀರ್ ಮಾಡಿರುವ ಇಂಗ್ಲಿಷ್ ಅನುವಾದ. ಮೂಲ ಕೃತಿಗೆ ಇಸ್ರೇಲಿನ ಸಪೀರ್ ಪ್ರಶಸ್ತಿ ಬಂದಿದೆ.

ಕಥೆ ಇಷ್ಟು. ಎಲ್ಸಾ ವೈಸ್ ಟೆಲ್ ಅವೀವ್‌ನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಶಾಲೆಯ ಹೊರಗೆ ಅವಳನ್ನು ಕಂಡವರೇ ಇಲ್ಲ. ಒಂದು ದಿನ ತನ್ನ ಕಟ್ಟಡದ ತಾರಸಿಯಿಂದ ಹಾರಿ ಪ್ರಾಣ ಬಿಡುತ್ತಾಳೆ. ಮೂವತ್ತು ವರ್ಷದ ನಂತರ ಅವಳ ಒಬ್ಬ ವಿದ್ಯಾರ್ಥಿನಿ, ಆ ಹೆಂಗಸು ಯಾರಾಗಿದ್ದಳು ಅಂತ ಹುಡುಕಲು ಹೊರಡುತ್ತಾಳೆ, ಸಿಗದೇ ಇದ್ದದ್ದನ್ನು ಊಹಿಸಿ ಬರೆಯುತ್ತಾಳೆ.

ಆತ್ಮಹತ್ಯೆಯ ವಿಷಯವನ್ನು ಮೊದಲೇ ಹೇಳಿಬಿಟ್ಟೆ. ಕಥೆಯ ಗುಟ್ಟು ಬಿಟ್ಟುಕೊಟ್ಟ ಹಾಗಾಗುತ್ತದೆ ಅಂತ ಮುಚ್ಚಿಡುವುದು ಸರಿಯಲ್ಲ, ಯಾರ ಮನೆಯಲ್ಲಿ ಏನಾಗಿದೆಯೋ ನಮಗೇನು ಗೊತ್ತು? ಒಬ್ಬರು ಈ ಪುಸ್ತಕ ಬೇಡ ಅಂದರು, ಮುಂದಿನ ಪುಸ್ತಕಕ್ಕೆ ಬನ್ನಿ ಅಂದೆ, ಅಷ್ಟೇ. ಇತಿಹಾಸವನ್ನು ಮಾತ್ರ ಬೇಕಂತಲೇ ತಡೆಹಿಡಿದೆ. ಎಲ್ಸಾ ಹಂಗೇರಿಯ ಯಹೂದಿ, ನಾಜಿಗಳ ಕೈಯಿಂದ ಪಾರಾಗಿ ಬಂದವಳು ಅಂತ ಮೊದಲೇ ಹೇಳಿದರೆ ಎಲ್ಲರೂ ಅಯ್ಯೋ ಪಾಪ ಅಂತಲೇ ಶುರುಮಾಡುತ್ತಾರೆ. ಶಿಷ್ಯರಿಗಾದರೋ ಆಗ ಅವಳ ಕಥೆ ಏನೂ ಗೊತ್ತಿರಲಿಲ್ಲ. ಆ ಗೊತ್ತಿಲ್ಲದಿರುವಿಕೆಯಲ್ಲಿ ನಾವೂ ಸ್ವಲ್ಪ ದಿನ ಕೂರಬೇಕಿತ್ತು. ನಿರೀಕ್ಷಿಸಿದ ಹಾಗೇ ರಿಟೈರ್ಡ್ ಹೆಡ್‌ಮಾಸ್ಟರ್ ಒಬ್ಬರು ರೇಗಿದರು: “ಇದೆಂಥಾ ಟೀಚರಮ್ಮ ಮೇಡಂ, ಮಕ್ಕಳ ಜೊತೆ ಒಂದು ಒಳ್ಳೆ ಮಾತಿಲ್ಲ, ಕಥೆಯಿಲ್ಲ!”

ಓದುವಾಗ ಒಂದು ಕೆಲಸ ಕೊಟ್ಟಿದ್ದೆ. ನಿರೂಪಕಿ ತಾನೇ ಕಂಡು ಹೇಳುವ ಮಾತಿಗೆ ನೀಲಿ ಪೆನ್ಸಿಲ್, ಊಹಿಸಿ ಹೇಳುವುದಕ್ಕೆ ಕೆಂಪು. ಸುಮ್ನೆ ಒಂದು ಆಟದ ಥರ ಶುರುವಾಯಿತು. ಆಮೇಲೆ ಪುಸ್ತಕಗಳನ್ನು ಮೇಜಿನ ಮೇಲೆ ಬಿಡಿಸಿಟ್ಟು ನೋಡಿದರೆ, ನೀಲಿ ಗೆರೆ ಇದ್ದದ್ದು ತರಗತಿಯ ಪುಟಗಳಲ್ಲಿ ಮಾತ್ರ. ಬಾಲ್ಯ, ಯುದ್ಧ, ಆಮೇಲಿನ ಒಂಟಿ ಬದುಕು, ಎಲ್ಲಾ ಕೆಂಪು. ಅಂದರೆ ಶಿಷ್ಯೆಯ ಕೈಲಿದ್ದದ್ದು ಒಂದು ಹಿಡಿ ನೆನಪು, ಕಾದಂಬರಿ ಕಟ್ಟಿದ್ದು ಅದರ ಮೇಲೆ. ಕಾದಂಬರಿ ನಿಧಾನ, ಮಧ್ಯದಲ್ಲಿ ನನಗೂ ಆಕಳಿಕೆ ಬಂದಿದೆ. ಈ ಪೆನ್ಸಿಲ್ ಇಲ್ಲದಿದ್ದರೆ ಅರ್ಧ ಜನ ಅಲ್ಲೇ ಬಿಡುತ್ತಿದ್ದರು.

ಅರ್ಧ ದಾಟಿದ ಮೇಲೆ ಇತಿಹಾಸದ ಒಂದು ಹಾಳೆ ಹಂಚಿದೆ. 1944ರ ಮೇ ತಿಂಗಳಿಂದ ಜುಲೈ ಒಳಗೆ ಹಂಗೇರಿಯಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ರೈಲಿಗೆ ತುಂಬಿ ಸಾಗಿಸಿದರು, ಬಹುಪಾಲು ಔಶ್ವಿಟ್ಜ್ ಎಂಬ ಸಾವಿನ ಶಿಬಿರಕ್ಕೆ. ಅದೇ ಹೊತ್ತಿನಲ್ಲಿ ರುಡಾಲ್ಫ್ ಕಾಸ್ಟ್ನರ್ ಎಂಬ ಯಹೂದಿ ಮುಖಂಡ ನಾಜಿಗಳ ಜೊತೆ ಚೌಕಾಸಿ ಮಾಡಿ, ಹಣ ಒಡವೆ ಕೊಟ್ಟು, 1,600ಕ್ಕೂ ಹೆಚ್ಚು ಜನರನ್ನು ಇನ್ನೊಂದು ರೈಲಿಗೆ ಹತ್ತಿಸಿದ. ಜೂನ್ 30ರಂದು ಬುಡಾಪೆಸ್ಟ್ ಬಿಟ್ಟ ಆ ರೈಲು ಬರ್ಗನ್-ಬೆಲ್ಸನ್ ಶಿಬಿರಕ್ಕೆ ಹೋಯಿತು. ಅಲ್ಲಿಂದ ಕೆಲವರು ಆಗಸ್ಟ್‌ನಲ್ಲಿ, ಉಳಿದವರಲ್ಲಿ ಹೆಚ್ಚಿನವರು ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡ್ ತಲುಪಿದರು. ಎಲ್ಸಾ ಆ ರೈಲಿನಲ್ಲಿದ್ದವಳು.

ಇಸ್ರೇಲಿನಲ್ಲಿ ಅದು ಹೆಮ್ಮೆಯ ವಿಷಯ ಆಗಲಿಲ್ಲ. ಕಾಸ್ಟ್ನರ್ ನಾಜಿಗಳ ಜೊತೆ ಕೈಜೋಡಿಸಿದ ಅಂತ ದೂರಿದವನ ಮೇಲೆ, ಕಾಸ್ಟ್ನರ್ ಪರವಾಗಿ ಸರ್ಕಾರವೇ ಹೂಡಿದ ಮಾನಹಾನಿ ಮೊಕದ್ದಮೆ ಕಾಸ್ಟ್ನರ್‌ಗೇ ತಿರುಗಿಬಿತ್ತು. ಅವನು ತನ್ನ ಆತ್ಮವನ್ನು ಸೈತಾನನಿಗೆ ಮಾರಿದ ಅಂತ 1955ರಲ್ಲಿ ನ್ಯಾಯಾಧೀಶರು ಬರೆದರು. 1957ರಲ್ಲಿ ಟೆಲ್ ಅವೀವ್‌ನ ಅವನ ಮನೆ ಮುಂದೆ ಅವನಿಗೆ ಗುಂಡು ಹೊಡೆದರು, ಕೆಲವೇ ದಿನಗಳಲ್ಲಿ ಸತ್ತ. ಮರುವರ್ಷ ಸುಪ್ರೀಂ ಕೋರ್ಟ್ ಆ ತೀರ್ಪಿನ ಬಹುಭಾಗವನ್ನು ತಳ್ಳಿಹಾಕಿತು. ಇಷ್ಟೆಲ್ಲಾ ಆಗುತ್ತಿದ್ದ ಊರಿನಲ್ಲಿ, ಆ ರೈಲಿನಲ್ಲಿ ಬಂದವಳು ದಿನಾ ಬೆಳಿಗ್ಗೆ ಎದ್ದು ಇಂಗ್ಲಿಷ್ ಗ್ರಾಮರ್ ಕಲಿಸಲು ಹೋಗುವುದು ಹೇಗಿರಬೇಡ?

ಹಾಳೆ ಓದಿದ ಮೇಲೆ ಹೆಡ್‌ಮಾಸ್ಟರ್ ಮಾತು ಬದಲಾಯಿತು, ಈಗ ಎಲ್ಲಾ ಅರ್ಥ ಆಯ್ತು ಅಂದರು. ನನಗೆ ಅದೇ ಕಷ್ಟ. ರೈಲಿನ ವಿಷಯ ಗೊತ್ತಾದರೆ ಎಲ್ಸಾ ಗೊತ್ತಾದಳು ಅಂತಲ್ಲ. ಅದಕ್ಕೇ ಇನ್ನೊಂದು ಕೆಲಸ ಕೊಟ್ಟೆ: ನಿಮ್ಮನ್ನು ತಿದ್ದಿದ ಒಬ್ಬ ಟೀಚರ್ ಬಗ್ಗೆ ನಿಮಗೆ ಖಾತ್ರಿಯಾಗಿ ಗೊತ್ತಿರುವುದನ್ನು ಮಾತ್ರ ಬರೆಯಿರಿ, ಹೊಗಳಿಕೆ ಬೇಡ. ಯಾರ ಹಾಳೆಯೂ ತುಂಬಲಿಲ್ಲ. ಒಬ್ಬರು ಬರೆದದ್ದು: “ಗಣಿತದ ಮೇಷ್ಟ್ರ ಸೈಕಲ್ ಕ್ಯಾರಿಯರ್‌ಗೆ ಯಾವಾಗಲೂ ಒಂದು ಖಾಲಿ ಬುಟ್ಟಿ ಕಟ್ಟಿರುತ್ತಿತ್ತು. ಯಾಕೆ ಅಂತ ಕೇಳಲಿಲ್ಲ.” ಇನ್ನೊಬ್ಬರು ತಲೆ ಎತ್ತಿ, ಹಾಗಾದ್ರೆ ನನ್ನ ಮಕ್ಕಳು ನನ್ನ ಬಗ್ಗೆ ಏನೇನು ಕಥೆ ಕಟ್ಟಿದ್ದಾರೋ ಅಂದಾಗ ಎಲ್ಲರಿಗೂ ನಗು.

ಕೊನೆಯ ದಿನ ಜಗಳವೇ ಆಯಿತು. ಯಾವ ಗುರುತೂ ಉಳಿಯಬಾರದು ಅಂತಿದ್ದವಳ ಬದುಕನ್ನು ಶಿಷ್ಯೆ ಯಾಕೆ ಕೆದಕಬೇಕು, ಅದೂ ಕಲ್ಪಿಸಿಕೊಂಡು? ತಪ್ಪು ಅನ್ನುವವರೇ ಜಾಸ್ತಿ ಇದ್ದರು. ನಾನು ಶಿಷ್ಯೆಯ ಪಕ್ಷ. ಟೀಚರ್ ಪೂರ್ತಿ ತೆರೆದುಕೊಂಡಿದ್ದರೆ ಇಷ್ಟು ವರ್ಷ ಕಾಡುತ್ತಿರಲಿಲ್ಲ, ಮತ್ತು ಶಿಷ್ಯೆ ಇದು ಊಹೆ ಅನ್ನುವುದನ್ನು ಎಲ್ಲೂ ಮುಚ್ಚಿಡುವುದಿಲ್ಲವಲ್ಲ. ಹೆಡ್‌ಮಾಸ್ಟರ್ ಒಪ್ಪಲಿಲ್ಲ. ಪುಸ್ತಕ ಮಾತ್ರ ಇನ್ನೊಂದು ಸಲ ಓದಬೇಕು ಅಂತ ಅವರೇ ಇಟ್ಟುಕೊಂಡಿದ್ದಾರೆ.